ಬಹುವಚನದ ಅಕ್ಕ

ನಮ್ಮ ಅಕ್ಕನಿಗೆ ಹಿರಿತನ ಸಿಕ್ಕಿದ್ದು ಒಂದು ಜಗಳದಲ್ಲಿ. ನಾನು ಆಗ ಪಕ್ಕದಲ್ಲೇ ಶಾವಿಗೆ ಬೇಯಿಸುತ್ತಿದ್ದೆ, ಕಣ್ಣಾರೆ ಕಂಡವಳು.

ನಾವು ನಾಲ್ವರೂ ದೇಗು ಊರಿನ ಪೇಟೆಯ ಒಂದೇ ಸಾಲಿನ ಅಂಗಡಿಯವರು. ತಾಕ್ ಮಲ್‌ಸುನ್ ಕಾಲುಚೀಲ ಮಾರುತ್ತಾರೆ. ಅವರ ಎಡಕ್ಕೆ ಬುನ್ನಿಮಕ್ಕನ ದಾರ-ಗುಂಡಿಗಳ ಅಂಗಡಿ, ಎದುರಿಗೆ ಹ್ವಾಜಕ್ಕನ ಮೆಣಸಿನಪುಡಿ, ಮೂಲೆಯಲ್ಲಿ ನನ್ನ ಶಾವಿಗೆ ಸಾರಿನ ಒಲೆ. ನನ್ನ ಹೆಸರು ಜೊಮ್ರೆ. ನಾಲ್ವರಲ್ಲಿ ನಾನೇ ಕಿರಿಯಳಾದ್ದರಿಂದ ಮೂವರೂ ನನಗೆ ಅಕ್ಕಂದಿರೇ. ಆದರೆ ಹೆಸರು ಸೇರಿಸದೆ ಬರೀ ‘ಅಕ್ಕ’ ಎಂದರೆ ನಮ್ಮ ಸಾಲಿನಲ್ಲಿ ಅದು ಮಲ್‌ಸುನ್ ಒಬ್ಬರೇ.

ಅವರು ಪೇಟೆಗೆ ಬಂದ ಮೊದಲ ವಾರ. ಕಾಲುಚೀಲದ ಬುಟ್ಟಿ ಒಂದು ಗೇಣು ಬುನ್ನಿಮಕ್ಕನ ಜಾಗಕ್ಕೆ ನುಗ್ಗಿತ್ತು. ನಮ್ಮಲ್ಲಿ ಜಗಳ ಯಾವುದರಿಂದಲೇ ಶುರುವಾಗಲಿ, ನಡುವೆ ಎಲ್ಲೋ ‘ನಿನ್ನ ವಯಸ್ಸೆಷ್ಟೇ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಸರಿ ತಪ್ಪು ಯಾರಿಗೂ ಬೇಡ. ದೊಡ್ಡವರು ಗೆದ್ದರು, ಚಿಕ್ಕವರು ಬಾಯಿ ಮುಚ್ಚಿದರು, ಅಷ್ಟೇ.

“ನಾನು ಡ್ರ್ಯಾಗನ್ ವರ್ಷದವಳು ಕಣೇ! ನೀನ್ಯಾವ ವರ್ಷ, ಹೇಳು ನೋಡೋಣ!” ಎಂದು ಬುನ್ನಿಮಕ್ಕ ಸೊಂಟಕ್ಕೆ ಕೈಯಿಟ್ಟು ನಿಂತರು.

ಹೊಸಬಳು ಕಣ್ಣು ಮಿಟುಕಿಸದೆ, “ಮೊಲ” ಎಂದಳು.

ನಮ್ಮಲ್ಲಿ ಒಂದೊಂದು ವರ್ಷಕ್ಕೂ ಒಂದೊಂದು ಪ್ರಾಣಿಯ ಹೆಸರು. ಮೊಲ ಎಂದರೆ ಡ್ರ್ಯಾಗನ್‌ಗಿಂತ ಒಂದು ವರ್ಷ ಹಿರಿದು. ಬುನ್ನಿಮಕ್ಕನ ಕೈ ಸೊಂಟದಿಂದ ತಾನಾಗಿಯೇ ಜಾರಿತು. “ಮೊದ್ಲೇ ಹೇಳಬಾರದಿತ್ತಾ, ಅಕ್ಕ? ಇಡಿ, ಇಡಿ, ಬುಟ್ಟಿ ಅಲ್ಲೇ ಇಡಿ” ಎಂದು ತಮ್ಮ ದಾರದ ಪೆಟ್ಟಿಗೆಯನ್ನೇ ಹಿಂದಕ್ಕೆ ಎಳೆದುಕೊಂಡರು. ದಿನವಿಡೀ ನಡೆಯಬೇಕಿದ್ದ ಜಗಳ ನನ್ನ ಶಾವಿಗೆ ಬೇಯುವಷ್ಟರಲ್ಲಿ ಮುಗಿದುಹೋಯಿತು.

ಅಂದಿನಿಂದ ಇಪ್ಪತ್ತಾರು ವರ್ಷ ಅಕ್ಕನಿಗೆ ಬಹುವಚನ, ನಮಗೆಲ್ಲ ಏಕವಚನ. ಕಿಟಕಿಯ ಸೀಟು ಅಕ್ಕನಿಗೆ, ಮೀನಿನ ಕೆನ್ನೆಯ ಮಾಂಸ ಅಕ್ಕನಿಗೆ. ಹಿರಿತನಕ್ಕೆ ಬಾಡಿಗೆಯೂ ಇರುತ್ತದೆ, ಅದನ್ನೂ ಅವರು ಬಾಕಿ ಉಳಿಸಿಕೊಂಡವರಲ್ಲ. ಪೇಟೆಯ ಅಧಿಕಾರಿ ಬಂದು ಗದರಿದರೆ ಎದುರು ನಿಲ್ಲುವುದು ಅಕ್ಕ. ಹ್ವಾಜಕ್ಕನ ಮಗ ಮನೆ ಬಿಟ್ಟು ಹೋದಾಗ ಕಿವಿ ಹಿಡಿದು ಕರೆತಂದದ್ದು ಅಕ್ಕ. ಸ್ವಭಾವದಲ್ಲಿ ಮಾತ್ರ ಮಹಾ ಜುಗ್ಗಿ. ಪ್ಲಾಸ್ಟಿಕ್ ಚೀಲ ತೊಳೆದು ಹಗ್ಗಕ್ಕೆ ಒಣಹಾಕುವವರು.

ನನಗೆ ಗುಟ್ಟು ಗೊತ್ತಾದದ್ದು ಮೂರು ಚಳಿಗಾಲದ ಹಿಂದೆ. ಅಕ್ಕ ಮಂಜಿನ ಮೇಲೆ ಜಾರಿ ಬಲಗೈ ಮುರಿದುಕೊಂಡರು. ಆಸ್ಪತ್ರೆಯ ಫಾರಂ ತುಂಬಲು ಅವರ ಗುರುತಿನ ಚೀಟಿ ತೆಗೆದೆ. ಹುಟ್ಟಿದ ವರ್ಷ ಐವತ್ನಾಲ್ಕು. ಕುದುರೆಯ ವರ್ಷ. ಬೆರಳು ಮಡಿಸಿ ಎಣಿಸಿದೆ, ಬಿಚ್ಚಿ ಎಣಿಸಿದೆ.

“ಅಕ್ಕ! ನೀವು ಬುನ್ನಿಮಕ್ಕನಿಗಿಂತ ಎರಡು ವರ್ಷ ಚಿಕ್ಕೋರು! ಹ್ವಾಜಕ್ಕನಿಗಿಂತಲೂ ಒಂದು ವರ್ಷ ಚಿಕ್ಕೋರು!”

“ಮೆತ್ತಗೆ ಮಾತಾಡೇ, ದರಿದ್ರದೋಳೇ! ಕೈ ಮುರಿದಿರೋದು ನಂದು, ಕಿರುಚ್ತಿರೋದು ನೀನು.” ಆಮೇಲೆ ದನಿ ಇಳಿಸಿದರು. “ಆವತ್ತು ನಾನು ಹೊಸಬಳು. ಗಂಡ ಇಲ್ಲ, ಎರಡು ಮಕ್ಕಳು. ಬುಟ್ಟಿ ಹಿಂದಕ್ಕೆ ತಗೊಂಡಿದ್ರೆ ನಾಳೆ ನನ್ನನ್ನೇ ಹಿಂದಕ್ಕೆ ತಳ್ತಿದ್ರು. ಮೊಲ ಅನ್ನೋದು ಬಾಯಿಗೆ ಬಂತು, ಅಂದ್ಬಿಟ್ಟೆ. ಈಗ ಹೋಗಿ ಕುದುರೆ ಅಂದ್ರೆ ಯಾವ ಮುಖ ಇಟ್ಕೊಂಡು ಆ ಸಾಲಿನಲ್ಲಿ ಕೂರ್ಲಿ? ನೀನು ಬಾಯಿ ಬಿಟ್ರೆ ನಿನ್ನ ಒಲೆಗೆ ನೀರು ಹುಯ್ತೀನಿ.”

ನಾನು ಬಾಯಿ ಬಿಡಲಿಲ್ಲ. ಒಲೆಯ ಭಯಕ್ಕಲ್ಲ, ಅಕ್ಕ ಇಲ್ಲದ ಸಾಲನ್ನು ನೆನೆಸಿಕೊಂಡು ಹೆದರಿಕೆಯಾಯಿತು.

ಹೋದ ವಸಂತದಲ್ಲಿ ಎರಡು ದಿನ ಅಂಗಡಿ ಮುಚ್ಚಿ ನಾವು ನಾಲ್ವರೂ ಸಮುದ್ರದಂಡೆಯ ತೋಂಗ್ಯೋಂಗ್‌ಗೆ ಹೊರಟೆವು. ಕಡಿಮೆ ಖರ್ಚಿನ ಪ್ರವಾಸ, ಅದರ ದಂಡನಾಯಕಿ ಅಕ್ಕ. ಬಸ್ಸಿನಲ್ಲಿ ತಿನ್ನಲು ಬೇಯಿಸಿದ ಮೊಟ್ಟೆ, ಮಲಗಲು ಹೋಟೆಲಿನ ಬದಲು ಬಿಸಿನೀರಿನ ಸ್ನಾನದ ಮನೆಯ ನೆಲ. ಬೆಳಗಿನ ತಿಂಡಿಯಂತೂ ಪೂರ್ತಿ ಬಿಟ್ಟಿ. ಬಂದರಿನ ಒಣಮೀನಿನ ಅಂಗಡಿಗಳಲ್ಲಿ ರುಚಿ ನೋಡಲು ಮುಂದಿಟ್ಟ ತಟ್ಟೆಗಳಿವೆಯಲ್ಲ, ಅಕ್ಕ ನಮ್ಮನ್ನು ಒಂದೊಂದೇ ಅಂಗಡಿಗೆ ನುಗ್ಗಿಸಿದರು.

“ಒಂದು ಅಂಗಡೀಲಿ ಮೂರಕ್ಕಿಂತ ಜಾಸ್ತಿ ಬಾಯಿಗೆ ಹಾಕ್ಬೇಡ್ರೇ. ಹ್ವಾಜಾ, ನೀನು ಅಗಿಯೋವಾಗ ಬೆಲೆ ಕೇಳೇ! ಕೇಳದೆ ಅಗಿದ್ರೆ ಕಳ್ಳಿ ಥರ ಕಾಣ್ತೀಯ.”

“ಬಾಯ್ತುಂಬ ಮೀನು ತುಂಬ್ಕೊಂಡು ಹೇಗೆ ಕೇಳ್ಲಿ ಅಕ್ಕ?” ಎಂದರು ಹ್ವಾಜಕ್ಕ. ಏಳನೇ ಅಂಗಡಿಯ ಹೊತ್ತಿಗೆ ನಮಗೆ ಉಪ್ಪಿನಿಂದ ತುಟಿ ಸುಟ್ಟಿತ್ತು, ಹೊಟ್ಟೆಯೂ ತುಂಬಿತ್ತು.

ಬೆಟ್ಟದ ಮೇಲಕ್ಕೆ ತೂಗುಬಂಡಿ ಹೋಗುತ್ತದೆ. ಅರವತ್ತೈದು ತುಂಬಿದವರಿಗೆ ರಿಯಾಯಿತಿ ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು, ಗುರುತಿನ ಚೀಟಿ ತೋರಿಸಬೇಕು ಎಂದು ಚಿಕ್ಕ ಅಕ್ಷರದಲ್ಲಿ. ಹ್ವಾಜಕ್ಕ ಖುಷಿಯಿಂದ ಚೀಲಕ್ಕೆ ಕೈಹಾಕಿದರು.

“ರಿಯಾಯಿತಿಗೆ ಕೈಯೊಡ್ಡೋಕೆ ನಾವೇನು ಮುದುಕೀರೇನೇ? ಪೂರಾ ಟಿಕೆಟ್ ತಗೊಳ್ಳಿ!” ಎಂದರು ಅಕ್ಕ.

ಪ್ಲಾಸ್ಟಿಕ್ ಚೀಲ ಒಣಹಾಕುವ ಬಾಯಿಂದ ಈ ಮಾತು! ಹ್ವಾಜಕ್ಕ ನನ್ನ ಕಿವಿಯಲ್ಲಿ, “ಅಕ್ಕನಿಗೆ ಮೈ ಸರಿ ಇಲ್ವೇನೇ?” ಎಂದು ಕೇಳಿದರು. ನಾನು ಕೆಮ್ಮಿನ ನೆಪದಲ್ಲಿ ಅತ್ತ ತಿರುಗಿ ನಕ್ಕೆ.

ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಬೆಟ್ಟದ ತುದಿಯಿಂದ ಬುನ್ನಿಮಕ್ಕ ಸಮುದ್ರದ ಕಡೆ ಬೆರಳು ಮಾಡಿ, “ಯೋಕ್ಜಿ ದ್ವೀಪ ಯಾವುದು?” ಎಂದು ಕೇಳಿದರು. ಅದು ಅವರ ಗಂಡ ಹುಟ್ಟಿದ ದ್ವೀಪ. ಹತ್ತು ವರ್ಷದವರಿದ್ದಾಗಲೇ ಅದನ್ನು ಬಿಟ್ಟು ದೇಗುವಿಗೆ ಬಂದ ಮನುಷ್ಯ. ಒಂದು ಸಲ ಕರೆದುಕೊಂಡು ಹೋಗಿ ಅಲ್ಲಿಯ ಮೀನಿನ ಸಾರು ಕುಡಿಸುತ್ತೇನೆ ಎಂದು ಹೆಂಡತಿಗೆ ಹೇಳುತ್ತಲೇ ಇದ್ದು, ಕರೆದುಕೊಂಡು ಹೋಗದೆ ಹನ್ನೊಂದು ವರ್ಷದ ಹಿಂದೆ ತೀರಿಕೊಂಡರು.

“ಇಷ್ಟು ದೂರ ಬಂದಿದೀವಿ ಅಕ್ಕ, ಹೋಗಿಬರೋಣ” ಎಂದರು ಬುನ್ನಿಮಕ್ಕ.

ಅಕ್ಕನ ಮುಖ ಬಿಳಿಚಿಕೊಂಡಿತು. ದೋಣಿ ಹತ್ತಬೇಕಾದರೆ ಪ್ರತಿಯೊಬ್ಬರೂ ಹೆಸರು, ಹುಟ್ಟಿದ ದಿನ ಬರೆದುಕೊಟ್ಟು ಗುರುತಿನ ಚೀಟಿ ತೋರಿಸಲೇಬೇಕು. ಪೂರಾ ಟಿಕೆಟ್ ಕೊಂಡರೂ ಬಿಡುವುದಿಲ್ಲ.

“ನನಗೆ ದೋಣಿ ಆಗಲ್ಲ ಕಣೇ, ವಾಂತಿ ಬರುತ್ತೆ. ನೀವು ಹೋಗಿಬನ್ನಿ, ನಾನು ದಡದಲ್ಲಿ ಕೂತಿರ್ತೀನಿ.”

“ನೀವಿಲ್ಲದೆ ನಾನು ಹತ್ತಲ್ಲ” ಎಂದರು ಬುನ್ನಿಮಕ್ಕ. “ಅವರ ಊರಿಗೆ ಮೊದ್ಲನೇ ಸಲ ಹೋಗ್ತಿದೀನಿ. ಜೊತೇಲಿ ಹಿರಿಯರು ಅಂತ ಒಬ್ಬರಾದ್ರೂ ಬೇಡ್ವಾ?”

ಅಕ್ಕ ಚೀಲ ಹೆಗಲಿಗೇರಿಸಿದರು. “ನಡೀರಿ” ಎಂದರು.

ಬಂದರಿನ ಟಿಕೆಟ್ ಕಿಟಕಿಯ ಮುಂದೆ ನಿಂತೆವು. ಅಕ್ಕನ ಫಾರಂ ನಾನು ತುಂಬುತ್ತೇನೆ ಎಂದೆ, ಕೊಡಲಿಲ್ಲ. ಬುನ್ನಿಮಕ್ಕ ಕನ್ನಡಕ ಮರೆತು ಬಂದಿದ್ದರು. ಹೇಗೆ ತುಂಬುವುದೆಂದು ಅಕ್ಕನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು. ಆ ಕಣ್ಣುಗಳ ಕೆಳಗೆ ಅಕ್ಕನ ಕೈ ಇಪ್ಪತ್ತಾರು ವರ್ಷದ ಅಭ್ಯಾಸದಂತೆ ಐವತ್ತೊಂದು ಎಂದು ಬರೆದುಬಿಟ್ಟಿತು. ಮೊಲದ ವರ್ಷ. ಆಮೇಲೆ ಚೀಟಿಯನ್ನೂ ಫಾರಮ್ಮನ್ನೂ ಒಟ್ಟಿಗೆ ಕಿಟಕಿಯೊಳಗೆ ತಳ್ಳಿ ಕಣ್ಣು ಮುಚ್ಚಿಕೊಂಡರು.

ಒಳಗಿದ್ದ ಯುವಕ ಬಹಳ ವಿನಯವಂತ. ವಿನಯವಂತರ ದನಿ ಇಷ್ಟು ದೊಡ್ಡದಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. “ತಾಕ್ ಮಲ್‌ಸುನ್ ಅಮ್ಮಾ! ನೀವು ಹುಟ್ಟಿದ್ದು ಐವತ್ನಾಲ್ಕರಲ್ಲಿ ಅಲ್ವಾ? ಇಲ್ಲಿ ಐವತ್ತೊಂದು ಅಂತ ಬರೆದಿದ್ದೀರಲ್ಲ! ಮೂರು ವರ್ಷ ಸುಮ್ನೆ ಮುದುಕಿಯಾಗಿಬಿಟ್ರಿ!”

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಮ್ಮ ನಾಲ್ವರಲ್ಲಿ ಯಾರೂ ನಗಲಿಲ್ಲ.

ಹ್ವಾಜಕ್ಕನೇ ಪಾಪ ಹಗ್ಗ ಎಸೆದರು. “ಹುಟ್ಟಿದ್ದನ್ನ ತಡವಾಗಿ ಬರೆಸಿರ್ತಾರೆ ಬಿಡ್ರೀ! ಆಗೆಲ್ಲ ಮಗು ಬದುಕುತ್ತೋ ಇಲ್ವೋ ನೋಡ್ಕೊಂಡು ಆಮೇಲೆ ತಾನೇ ಕಚೇರಿಗೆ ಹೋಗ್ತಿದ್ದಿದ್ದು? ನಮ್ಮಣ್ಣನ್ನ ನಾಲ್ಕು ವರ್ಷ ಬಿಟ್ಟು ಬರೆಸಿದ್ರು.”

ನಮ್ಮ ಕಾಲದವರ ಮಟ್ಟಿಗೆ ಇದು ಯಾರೂ ಅನುಮಾನಿಸದ ಮಾತು. ಹೂಂ ಎಂದಿದ್ದರೆ ಸಾಕಿತ್ತು. ಅನ್ನಿ ಅಕ್ಕ, ಅನ್ನಿ, ಎಂದು ನಾನು ಒಳಗೊಳಗೇ ಬೇಡಿಕೊಂಡೆ.

“ಹೌದಾ ಅಕ್ಕ?” ಎಂದು ಕೇಳಿದರು ಬುನ್ನಿಮಕ್ಕ. ಪೂರ್ತಿ ನಂಬಿದ ದನಿ.

ಆ ದನಿಯೇ ಕೆಡಿಸಿತು ಎಂದು ನನ್ನ ಲೆಕ್ಕ. ಅಕ್ಕ ಹೂಂ ಎನ್ನಲು ತೆರೆದ ಬಾಯನ್ನು ಮುಚ್ಚಿ, ಮತ್ತೆ ತೆರೆದು, “ಇಲ್ಲ. ನಾನು ಕುದುರೆ. ಆವತ್ತು ನಿಂಗೆ ಸುಳ್ಳು ಹೇಳ್ದೆ” ಎಂದರು.

ದೋಣಿಯಲ್ಲಿ ಬುನ್ನಿಮಕ್ಕ ಮುಂದಿನ ಬೆಂಚಿನಲ್ಲಿ ಮುಖ ಊದಿಸಿಕೊಂಡು ಒಬ್ಬರೇ ಕುಳಿತರು. ಅಕ್ಕ ಕಟ್ಟಕಡೆಯ ಬೆಂಚಿನಲ್ಲಿ, ಚೀಲಗಳ ನಡುವೆ. ನಡುವಿನ ಒಂದು ಗಂಟೆ ಹ್ವಾಜಕ್ಕನ ಬಾಯಿಗೆ ಮಾತ್ರ ಬಿಡುವಿರಲಿಲ್ಲ.

“ಇಪ್ಪತ್ತಾರು ವರ್ಷ ಬಗ್ಗಿ ಬಗ್ಗಿ ನನ್ನ ಸೊಂಟ ಹೋಗಿದೆ. ಸೊಂಟದ ಪಟ್ಟಿ ನೀವೇ ತೆಕ್ಕೊಡ್ಬೇಕು... ಅಲ್ಲ, ನೀನೇ. ಏನೇ ಮಲ್‌ಸುನ್, ಕೇಳಿಸ್ತಾ ಇದ್ಯಾ ನಿಮಗೆ? ಥತ್! ಜೊಮ್ರೆ, ನನ್ನ ನಾಲಿಗೆ ನೋಡೇ, ತಿರುಗ್ತಾನೇ ಇಲ್ಲ.”

ನಾನು ತಿರುಗಿ ನೋಡಿದೆ. ಅಕ್ಕ ಅಷ್ಟು ಚಿಕ್ಕವರು ಎಂದು ನನಗೆ ಅಲ್ಲಿಯವರೆಗೆ ಅನ್ನಿಸಿರಲಿಲ್ಲ.

ದ್ವೀಪದಲ್ಲಿ ಇಳಿದವರೇ ದಂಡೆಯ ಪುಟ್ಟ ಊಟದ ಮನೆಗೆ ಹೋದೆವು. ಬುನ್ನಿಮಕ್ಕನ ಚೀಲವನ್ನು ಅಕ್ಕ ಕೇಳದೆಯೇ ಹೊತ್ತು ತಂದರು, ಕುರ್ಚಿ ಎಳೆದುಕೊಟ್ಟರು, ನೀರು ಬಗ್ಗಿಸಿದರು. ಚಿಕ್ಕವರು ಮಾಡಬೇಕಾದ್ದೆಲ್ಲ ಮಾಡಿ ಮೂಲೆಯಲ್ಲಿ ಕುಳಿತರು. ನನ್ನ ಕೆಲಸಗಳೆಲ್ಲ ಕೈತಪ್ಪಿ ನಾನು ಸುಮ್ಮನೆ ಕರವಸ್ತ್ರ ಮಡಿಸುತ್ತಿದ್ದೆ.

ಸಾರು ಬಂತು. ನಾಲ್ಕು ಬಟ್ಟಲು, ಹಬೆಯಾಡುವ ಮೀನು, ಮೂಲಂಗಿ. ಎಲ್ಲರಿಗಿಂತ ದೊಡ್ಡವರು ಚಮಚ ಎತ್ತುವವರೆಗೆ ಉಳಿದವರು ಮುಟ್ಟುವಂತಿಲ್ಲ. ನಾವು ಬುನ್ನಿಮಕ್ಕನನ್ನು ನೋಡಿದೆವು. ಬುನ್ನಿಮಕ್ಕ ಅಭ್ಯಾಸಬಲದಿಂದ ಅಕ್ಕನ ಕೈಯನ್ನೇ ನೋಡುತ್ತಿದ್ದರು. ಅಕ್ಕನ ಕೈ ಮಡಿಲಲ್ಲಿತ್ತು. ಹಬೆ ತೆಳುವಾಯಿತು. ಯಾರೂ ಚಮಚ ಎತ್ತಲಿಲ್ಲ.

ಊಟದ ಮನೆಯ ಯಜಮಾನಿ ಗಾಬರಿಯಿಂದ ಬಂದು, “ಯಾಕ್ರಮ್ಮಾ, ಮೀನು ಸರಿ ಇಲ್ವಾ?” ಎಂದು ಕೇಳಿದರು.

“ಮೀನು ಚೆನ್ನಾಗೇ ಇದೆ. ನಮ್ಮ ವಯಸ್ಸೇ ಸರಿ ಇಲ್ಲ” ಎಂದರು ಹ್ವಾಜಕ್ಕ.

ಆಗ ಅಕ್ಕ ತಲೆ ತಗ್ಗಿಸಿಕೊಂಡೇ, “ಬುನ್ನಿಮಕ್ಕ” ಎಂದರು. ಆ ಬಾಯಲ್ಲಿ ಆ ಶಬ್ದ ನಾನು ಕೇಳಿದ್ದು ಅದೇ ಮೊದಲು. “ಊಟ ಮಾಡಿ. ನೀವು ಮೊದ್ಲು.”

ಬುನ್ನಿಮಕ್ಕ ಸಿಡಿದರು. “ಬುಟ್ಟಿ ಒಂದು ಗೇಣು ಮುಂದಿಟ್ಟೆ, ಸರಿ, ಹಾಳಾಗಿ ಹೋಗ್ಲಿ. ಆದ್ರೆ ಅವರು ಹೋದಾಗ ನಿನ್ನ ಮಡಿಲಲ್ಲಿ ತಲೆಯಿಟ್ಟು ಅತ್ನಲ್ಲ! ಮೂಗು ಬಾಯಿ ಸುರಿಸ್ಕೊಂಡು, ಎಳೇ ಮಗು ಥರ! ಚಿಕ್ಕವಳ ಮುಂದೆ ಯಾರಾದ್ರೂ ಹಾಗೆ ಅಳ್ತಾರೇನೇ? ಆವತ್ತಾದ್ರೂ ಹೇಳಬಾರದಿತ್ತಾ?”

“ಹೇಳೋಕೇ ಬಂದಿದ್ದೆ” ಎಂದರು ಅಕ್ಕ. “ನಲವತ್ತೊಂಬತ್ತನೇ ದಿನದ ಕರ್ಮ ಮುಗಿದ ಮಾರನೇ ಬೆಳಿಗ್ಗೆ. ಸತ್ತವರ ಮನೆಗೆ ಸುಳ್ಳು ಹೊತ್ಕೊಂಡು ಹೋಗ್ತಾ ಇದೀನಿ ಅಂತ ಹೆದರಿಕೆ ಆಗಿತ್ತು. ದಾರಿಯುದ್ದಕ್ಕೂ ಮಾತು ಬಾಯಿಪಾಠ ಮಾಡ್ಕೊಂಡು ಬಂದೆ. ನೀವು ಬಾಗಿಲು ತೆಗೆದ್ರಿ. ‘ಅಕ್ಕ, ಇನ್ನು ನನಗೆ ಹಿರಿಯರು ಅಂತ ಇರೋದು ನೀವೊಬ್ರೇ’ ಅಂದ್ರಿ. ಆಮೇಲೆ ನಾನು ಹೇಗೆ ಹೇಳ್ಲಿ?”

ಹ್ವಾಜಕ್ಕನ ಬಾಯಿ ಅಂತೂ ನಿಂತಿತು. ಬುನ್ನಿಮಕ್ಕ ಕಿಟಕಿಯಾಚೆ ನೋಡುತ್ತ ಕುಳಿತರು. ಹೊರಗೆ ಗಂಡ ಹುಟ್ಟಿದ ಊರು, ಬಲೆ ಒಣಗುತ್ತಿತ್ತು. ನನಗೆ ಅಳು ಬಂದಿತ್ತು, ಅತ್ತೂಬಿಟ್ಟೆ.

“ಇಲ್ಲಿ ದೊಡ್ಡವಳು ಯಾರು?” ಎಂದರು ಬುನ್ನಿಮಕ್ಕ, ಇತ್ತ ತಿರುಗಿ.

“ನೀವು.”

“ದೊಡ್ಡವಳು ಹೇಳಿದ್ದನ್ನ ಚಿಕ್ಕವಳು ಕೇಳ್ಬೇಕು ತಾನೇ?”

“ಹೂಂ.”

“ಹಾಗಾದ್ರೆ ಕೇಳು, ಮಲ್‌ಸುನ್. ದೊಡ್ಡವಳಾಗಿ ನಾನು ಇದೊಂದೇ ಸಲ ಹೇಳೋದು. ನನಗೆ ಅಕ್ಕ ಬೇಕು. ಈ ವಯಸ್ಸಲ್ಲಿ ಇನ್ನೊಬ್ಬಳನ್ನ ಎಲ್ಲಿ ಹುಡುಕ್ಲಿ? ನೀನೇ ಇರ್ಬೇಕು.” ಬುನ್ನಿಮಕ್ಕ ಬಟ್ಟಲನ್ನು ಅಕ್ಕನ ಕಡೆ ಸರಿಸಿದರು. “ಚಮಚ ತಗೊಳ್ಳಿ ಅಕ್ಕ. ಸಾರು ಆರ್ತಾ ಇದೆ.”

ಅಕ್ಕ ಕಣ್ಣು ಒರೆಸಿಕೊಳ್ಳದೆಯೇ ಚಮಚ ಎತ್ತಿದರು. ಇಪ್ಪತ್ತಾರು ವರ್ಷದಲ್ಲಿ ಅವರು ಇನ್ನೊಬ್ಬರ ಮಾತನ್ನು ಎದುರಾಡದೆ ಕೇಳಿದ್ದು ನಾನು ಕಂಡಂತೆ ಅದೊಂದೇ ಸಲ.