ಮತದಾನದ ಬಾಗಿಲು

ವಿದ್ಯಾರ್ಥಿಗಳು ದೇಶಗಳ ಪ್ರತಿನಿಧಿಗಳಾಗಿ ಚರ್ಚಿಸುವ ಕಾಲೇಜಿನ ಅಣಕು ವಿಶ್ವಸಂಸ್ಥೆಯಲ್ಲಿ ಹದಿನೆಂಟು ವರ್ಷ ಗಂಟೆ ಬಾರಿಸಿದ ಅಟೆಂಡರ್ ಅಕ್ಕನಿಗೆ ಚರ್ಚೆಯ ನಿಯಮಗಳೆಲ್ಲ ಬಾಯಿಪಾಠ. ಅಧ್ಯಕ್ಷರ ಸುತ್ತಿಗೆ ಸಿಕ್ಕಿದ್ದು ಮಾತ್ರ ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಲೆಕ್ಚರರ್‌ಗೆ. ಆ ಸುತ್ತಿಗೆ ಟಕ್ಕೆಂದಾಗಲೆಲ್ಲ ಅಕ್ಕನ ಹೊಟ್ಟೆಗೆ ಬೆಂಕಿ ಬಿದ್ದಂತಾಗುತ್ತಿತ್ತು. ಸಾಲದ್ದಕ್ಕೆ ಬೆಳಿಗ್ಗೆ ಆ ಲೆಕ್ಚರರ್ ಅಕ್ಕನಿಗೇ ಪಾಠ ಬೇರೆ ಹೇಳಿದ್ದಳು: "ಮತದಾನ ಶುರುವಾದ್ಮೇಲೆ ಯಾರೇ ಬಂದ್ರೂ ಬಾಗಿಲು ತೆಗೀಬಾರ್ದು, ಗೊತ್ತಾಯ್ತಾ?"

ಸಂಜೆ "ಐದು ನಿಮಿಷ ಬಿಟ್ಟು ಮತದಾನ" ಎಂದು ಸಾರಿದ ಲೆಕ್ಚರರ್ ಫೋನ್ ಹಿಡಿದು ಹೊರಗೆ ಹೋದಳು. ಐದು ನಿಮಿಷ ಕಳೆದರೂ ಅವಳ ಸುಳಿವಿಲ್ಲ. ಅಕ್ಕ ಗಂಟೆ ಬಾರಿಸಿ, ನಿಧಾನವಾಗಿ ಚಿಲಕ ಹಾಕಿದಳು.

ಸ್ವಲ್ಪ ಹೊತ್ತಿಗೆ ಹೊರಗಿನಿಂದ ದಬದಬ ಬಡಿತ. "ಅಕ್ಕಾ, ತೆಗೀರಿ! ನಾನು, ಅಧ್ಯಕ್ಷೆ!"

"ಅಧ್ಯಕ್ಷರು ಒಳಗಿರ್ತಾರಲ್ಲ ಮೇಡಂ," ಎಂದಳು ಅಕ್ಕ. "ಹೊರಗಿರೋರು ಯಾರು?"