ಹಿಡಿ ಹೆಸರುಕಾಳು

ತಂಗಿ ಬಿಳಿ ಇಲಿಗಳನ್ನು ಬಸ್ಸಿನಲ್ಲಿ ಚನ್ನಗಿರಿಗೆ ತಂದಾಗ ಕಂಡಕ್ಟರ್ ಅವಕ್ಕೆ ಲಗೇಜ್ ಟಿಕೆಟ್ ಹರಿದುಕೊಟ್ಟ. ಎಪ್ಪತ್ತರ ದಶಕದ ಕೊನೆ. ಅವಳು ಎಂ.ಎಸ್ಸಿ. ಓದುತ್ತಿದ್ದ ಊರಿನಲ್ಲಿ ಮುಷ್ಕರವಾಗಿ ಪ್ರಯೋಗಶಾಲೆಗೆ ಬೀಗ ಬಿದ್ದಿತ್ತು, ಇಲಿಗಳಿಗೆ ಕೂಳು ಹಾಕುವವರಿರಲಿಲ್ಲ. ನಾನು ಏಳನೇ ತರಗತಿಯಲ್ಲಿ ಫೇಲಾಗಿ ಶಾಲೆ ಬಿಟ್ಟು ಬಸ್ ಸ್ಟ್ಯಾಂಡಿನ ಎದುರು ಮಂಡಕ್ಕಿ ಮಿರ್ಚಿ ಅಂಗಡಿ ಇಟ್ಟಿದ್ದೆ. ಎರಡು ಪಂಜರಗಳನ್ನು ಅಂಗಡಿಯ ಹಿಂದೆ ಇಟ್ಟೆವು. ಮಂಡಕ್ಕಿ ಅಂಗಡಿಯಲ್ಲಿ ಇಲಿ ಇರುವುದು ಹೊಸದಲ್ಲ, ಪಂಜರದಲ್ಲಿ ಇದ್ದದ್ದು ಹೊಸದು.

ಮುಷ್ಕರ ಮುಗಿದ ಸುದ್ದಿ ಬಂತು. ಸೋಮವಾರ ಹೋದ ಕೂಡಲೇ ಅವಳು ಪ್ರಯೋಗ ಮಾಡಬೇಕಿತ್ತು. ಅದು ಸರಿಬಂದರೆ ಮುಂದೆ ಸಂಶೋಧನೆಗೆ ಸೇರಿಸಿಕೊಳ್ಳುವುದಾಗಿ ಅವಳ ಮೇಷ್ಟ್ರು ಹೇಳಿದ್ದರು. ಒಂದು ಪಂಜರದವು ತಿಂದಿರಬೇಕು, ಇನ್ನೊಂದರವು ಉಪವಾಸ ಇರಬೇಕು.

"ಯಾಕವ್ವಾ ಈ ಶಿಕ್ಷೆ?" ಎಂದೆ.

"ಹಸಿದಾಗ ಲಿವರ್ ತನ್ನ ಪ್ರೋಟೀನ್ ತಾನೇ ಒಡಕೊಂತೈತೆ ಅಣ್ಣಾ. ಬೇಳೆ ಕಾಳು ತಿಂದ್ರೆ ಅದು ಕರಗಿ ಅಮೈನೋ ಆಮ್ಲ ಆಗಿ ರಕ್ತಕ್ಕೆ ಬರ್ತೈತೆ. ಅದು ಬಂತು ಅಂದ್ರೆ ಒಡಿಯಾದು ಕಮ್ಮಿ ಆಗ್ತೈತೆ."

"ಸೌದೆ ಇಲ್ದಾಗ ಅಟ್ಟದ ಹಲಗೆ ಕಿತ್ತು ಒಲೆಗೆ ಹಾಕ್ದಂಗೆ."

"ಹೂಂ. ಸೌದೆ ಗಾಡಿ ಬಂದ್ರೆ ಹಲಗೆ ಕೀಳಾದು ಬಿಡ್ತೀವಲ್ಲ, ಹಂಗೆ. ಇಷ್ಟು ತಿಳಿಯೋನು ನೀ ಯಾವುದ್ರಾಗೆ ಫೇಲಾಗಿದ್ದಿ?"

"ಗಣಿತ."

ಭಾನುವಾರ ಅವಳು ನಮ್ಮ ಸೋದರತ್ತೆಯನ್ನು ನೋಡಲು ಹೊನ್ನಾಳಿಗೆ ಹೋದಳು. ಎಡಗಡೆಯ ಪಂಜರಕ್ಕೆ ನೀರು ಬಿಟ್ಟು ಬೇರೇನೂ ಹಾಕುವುದಿಲ್ಲವೆಂದು ನನ್ನಿಂದ ಆಣೆ ಮಾಡಿಸಿಕೊಂಡಳು.

ಸಂಜೆ ಮಿರ್ಚಿ ಕರಿಯುತ್ತಿದ್ದಾಗ ಆ ಇಲಿಗಳು ತಂತಿ ಕಡಿಯತೊಡಗಿದವು. "ಏನ್ರಿ, ಒಳಗೆ ಜೈಲು ಇಟ್ಟೀರೇನು?" ಎಂದು ಗಿರಾಕಿಯೊಬ್ಬ ಕೇಳಿದ. ಹಸಿದು ಬಂದು ನಿಂತವರಿಗೆ ನಮ್ಮಂಗಡಿಯಲ್ಲಿ ಇಲ್ಲ ಅಂದದ್ದಿಲ್ಲ. ಒಳಗೆ ಹೋಗಿ ನೆನೆಸಿದ ಹೆಸರುಕಾಳು ಒಂದು ಹಿಡಿ ಹಾಕಿದೆ. ಒಂದು ಕಾಳೂ ಉಳಿಸದೆ ತಿಂದು ಸಾಕ್ಷಿಯನ್ನೂ ಅವೇ ಮುಗಿಸಿದವು. ಆಮೇಲೆ ಮುಂಗಾಲಿನಿಂದ ಮುಖ ಒರೆಸಿಕೊಂಡು ಮಲಗಿದವು.

"ಏನೂ ಹಾಕ್ಲಿಲ್ಲ ಅಲ್ಲ?" ಎಂದು ತಂಗಿ ಬಂದವಳೇ ಕೇಳಿದಳು.

"ಇಲ್ಲ" ಎಂದೆ.

ಸೋಮವಾರದ ಪ್ರಯೋಗದಲ್ಲಿ ಎರಡೂ ಪಂಜರದ ಇಲಿಗಳ ಲಿವರ್ ಒಂದೇ ಥರ ಕಂಡವಂತೆ, ಪ್ರೋಟೀನ್ ಒಡೆದದ್ದರಲ್ಲಿ ವ್ಯತ್ಯಾಸವೇ ಇಲ್ಲ. ಇಂಥ ಕೆಲಸಕ್ಕೆ ನಿನ್ನ ಕೈ ಆಗಿಬರುವುದಿಲ್ಲ ಎಂದ ಮೇಷ್ಟ್ರು ಬೇರೆ ಹುಡುಗನನ್ನು ಸೇರಿಸಿಕೊಂಡರು. ತಂಗಿ ಜಗಳೂರಿನಲ್ಲಿ ಹೈಸ್ಕೂಲ್ ಟೀಚರ್ ಆದಳು.

ಕಾಳು ಹಾಕಿದ್ದು ನಾನು ಎಂದು ಮೇಷ್ಟ್ರಿಗೆ ಒಂದು ಕಾರ್ಡು ಬರೆದಿದ್ದರೆ ಸಾಕಿತ್ತು. ಹೆದರಿ ಬರೆಯಲಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಅದು ಪೂರ್ತಿ ನಿಜವಲ್ಲ. ಜಗಳೂರಾದರೆ ಶನಿವಾರ ಮನೆಗೆ ಬರುತ್ತಾಳೆ, ಅದು ನನಗೆ ಬೇಕಿತ್ತು.

ಅವಳು ಈಗಲೂ ಮಕ್ಕಳಿಗೆ ಆ ಪ್ರಯೋಗದ ಕಥೆ ಹೇಳುತ್ತಾಳಂತೆ. "ತಪ್ಪು ಇಲೀದಲ್ಲ, ನನ್ನ ಕೈಯದು ಅಂತ ಹೇಳ್ತೀನಿ ಅಣ್ಣಾ, ಹುಡುಗ್ರು ನಗ್ತಾವೆ" ಎಂದು ಹೋದ ವಾರ ತಾನೂ ನಕ್ಕಳು. ನಾನು ಈರುಳ್ಳಿ ಹೆಚ್ಚುತ್ತಾ ತಲೆ ಆಡಿಸಿದೆ.

ನಾಳೆ ಶನಿವಾರ. ಬಸ್ಸಿಳಿದು ಹಸಿದು ಬರುತ್ತಾಳೆ. ತಟ್ಟೆ ಹಾಕುವ ಮುಂಚೆಯೇ ಹೇಳಿಬಿಡಬೇಕು. ಆಮೇಲೆ ಹೇಳಿದರೆ ತಪ್ಪಿಸಿಕೊಂಡಂತೆ, ಉಣ್ಣಲು ಇಟ್ಟವನನ್ನು ಅವಳು ಬೈಯುವುದಿಲ್ಲ.