ಸಹಿ ಮೊದಲು, ಬರಹ ಆಮೇಲೆ

ಬಸವಕಲ್ಯಾಣದಲ್ಲಿ ನಾನು ವಕೀಲರೊಬ್ಬರ ಮುನ್ಶಿಯಾಗಿದ್ದೆ. ಆ ಆಫೀಸಿನಲ್ಲಿ ನನ್ನ ಮೇಜಿನ ಡ್ರಾಯರಿನೊಳಗೆ ಯಾವಾಗಲೂ ಕೋರ್ಟಿನ ಅರ್ಜಿಗೆ ಬಳಸುವ ಕೆಲವು ಹಸಿರು ಲೆಜರ್ ಹಾಳೆಗಳಿರುತ್ತಿದ್ದವು. ಹಾಳೆ ಪೂರ್ತಿ ಖಾಲಿ, ಕೆಳಗೆ ಬಲಗಡೆ ಮಾತ್ರ ವಕೀಲ ಸಾಹೇಬರ ಸಹಿ. ಅವರಿಗೆ ಕಲ್ಯಾಣದಲ್ಲೂ ಕೇಸು, ಹುಮನಾಬಾದಿನಲ್ಲೂ ಕೇಸು. ಒಂದೇ ದಿನ ಎರಡೂ ಕಡೆ ವಿಚಾರಣೆಯ ಪೇಶಿ ಬಿದ್ದರೆ ಒಂದು ಕಡೆ ಅವರು ನಿಲ್ಲುತ್ತಿದ್ದರು, ಇನ್ನೊಂದು ಕಡೆಗೆ ನಾನು ಬಸ್ಸು ಹಿಡಿಯುತ್ತಿದ್ದೆ. ಅಲ್ಲಿ ಹೋಗಿ, ಮುಂದಿನ ತಾರೀಖು ಕೇಳುವ ಅರ್ಜಿಯನ್ನು ಆ ಸಹಿಯ ಮೇಲೆ ಟೈಪ್ ಹೊಡೆದು ಕೊಡಬೇಕು. ನಮ್ಮ ಕಡೆಯ ಮುನ್ಶಿಗಳೆಲ್ಲ ಹೀಗೇ ಮಾಡುತ್ತಿದ್ದರು. ಸಹಿ ಮೊದಲು, ಬರಹ ಆಮೇಲೆ. ಕೊನೆಯ ಸಾಲು ಸರಿಯಾಗಿ ಸಹಿಯ ನೆತ್ತಿಗೆ ಬಂದು ನಿಲ್ಲಬೇಕು. ನಡುವೆ ಬಯಲು ಉಳಿದರೆ ಶಿರಸ್ತೇದಾರರು ಹಾಳೆಯನ್ನು ಹೊರಳಿಸಿ ಹೊರಳಿಸಿ ನೋಡುತ್ತಿದ್ದರು. ನನ್ನ ಹಾಳೆಯನ್ನು ಯಾರೂ ಹಾಗೆ ಹೊರಳಿಸಲಿಲ್ಲ.

ನಾನು ಶಾಲೆ ಬಿಟ್ಟದ್ದು ಏಳನೇ ಇಯತ್ತೆಯಲ್ಲಿ. ಅಪ್ಪ ಕಿರಾಣಿ ಅಂಗಡಿಯೊಂದರಲ್ಲಿ ತಕ್ಕಡಿ ಹಿಡಿಯುವವನು. ಲಕ್ವಾ ಹೊಡೆದು ಅವನ ಬಲಗೈ ಬಿದ್ದುಹೋದ ಮೇಲೆ ಆ ತಕ್ಕಡಿಯ ಹಿಂದೆ ನಾನು ನಿಂತೆ. ಸಂಜೆ ಟೈಪಿಂಗ್ ಕ್ಲಾಸಿನಲ್ಲಿ ಕಸ ಹೊಡೆದು, ಅದಕ್ಕೆ ಬದಲಾಗಿ ಒಂದು ಮಶೀನಿನ ಮುಂದೆ ಕೂರುತ್ತಿದ್ದೆ. ತೊಂಬತ್ತರ ಶುರುವಿನಲ್ಲಿ ಕೋರ್ಟಿನ ಗೇಟಿನ ಹೊರಗೆ ಅರ್ಜಿ ಹೊಡೆಯಲು ಕುಳಿತೆ. ಒಂದು ದಿನ ಸಾಹೇಬರು ಬಂದು ನಾನು ಹೊಡೆದ ಅಫಿಡವಿಟ್ಟನ್ನು ನಿಂತಲ್ಲೇ ಓದಿದರು.

“ಇದ್ರಾಗ ತಪ್ಪು ಎಲ್ಲಿ ಅದ?”

“ಎಲ್ಲೂ ಇಲ್ರಿ.”

“ಇಷ್ಟು ಸೊಕ್ಕು ಇದ್ದವನೇ ನನಗ ಬೇಕಾಗ್ಯಾನ. ನಾಳಿ ಆಫೀಸಿಗಿ ಬಾ.”

ಕಾನೂನನ್ನು ನಾನು ಕಲಿತದ್ದು ಬಸ್ಸಿನಲ್ಲಿ. ಇಬ್ಬರೂ ಕೂಡಿ ಹೋಗುವ ದಿನ, ಸಸ್ತಾಪುರ ಬಂಗ್ಲಾ ದಾಟಿ ಹೈವೇ ಹತ್ತಿದ ಕೂಡಲೇ ಸಾಹೇಬರು ಪ್ರಶ್ನೆ ಶುರು ಮಾಡುತ್ತಿದ್ದರು.

“ನಮ್ಮ ಪಾರ್ಟಿ ಸತ್ತ. ಏನ್ ಮಾಡ್ತಿ?”

“ವಾರಸುದಾರರ ಹೆಸರು ಸೇರಿಸ್ಬೇಕ್ರಿ.”

“ಮುದ್ದತಿನೊಳಗ ಸೇರಿಸ್ಲಿಲ್ಲ?”

“ಕೇಸೂ ಸಾಯ್ತದ್ರಿ.”

“ವಕೀಲ ಸತ್ತ?”

“ವಕಾಲತ್ತು ಅಲ್ಲಿಗೇ ಮುಗೀತದ್ರಿ. ಪಾರ್ಟಿ ಹೊಸ ವಕೀಲನ್ನ ಹಿಡೀಬೇಕು.”

ಮುಂದಿನ ಸೀಟಿನ ಹೆಂಗಸೊಬ್ಬಳು ತಿರುಗಿ, “ಏ ಯಪ್ಪಾ, ಹೊತ್ತು ಏರೂದ್ರಾಗ ಎಷ್ಟು ಮಂದೀನ ಸಾಯಿಸ್ತೀರಿ?” ಎಂದಳು. ಸಾಹೇಬರು ಹುಮನಾಬಾದ್ ಬರುವ ತನಕ ನಕ್ಕರು.

ಎರಡು ಸಾವಿರದ ಇಸವಿ ದಾಟಿದ ಮೇಲೆ, ಕೋರ್ಟಿನ ಬೋರ್ಡಿಗೆ ಒಂದು ನೋಟೀಸು ಬಂತು. ಇನ್ನು ಮೇಲೆ ಕೌಂಟರಿನ ಒಳಗೆ ಹೋಗಿ ಕಾಗದ ಕೊಡುವ, ಫೈಲು ನೋಡುವ ಮುನ್ಶಿಗಳಿಗೆ ಕಾರ್ಡು ಇರಬೇಕು. ಹತ್ತನೇ ಪಾಸಾದವರಿಗೆ ಕಾರ್ಡು ಸಿಗುತ್ತದೆ. ಪಾಸಾಗದವರು ಬಹಳ ವರ್ಷ ಒಬ್ಬರ ಕೈಕೆಳಗೆ ದುಡಿದಿದ್ದರೆ, ಆ ವಕೀಲರೇ ಸಹಿ ಮಾಡಿದ ಪ್ರಮಾಣಪತ್ರವನ್ನು ತಿಂಗಳೊಳಗೆ ತರಬೇಕು. ಕಾರ್ಡಿಲ್ಲದವರು ಕಿಟಕಿಯ ಹೊರಗೆ ಜನರ ಸಾಲಿನಲ್ಲಿ ನಿಲ್ಲಬೇಕು.

ಸಾಹೇಬರಿಗೆ ಹೇಳಿದೆ. ಅವರು ಫೈಲಿನಿಂದ ತಲೆ ಎತ್ತಲಿಲ್ಲ.

“ಡ್ರಾಯರಿನಾಗ ಸಹಿ ಮಾಡಿದ ಹಾಳಿ ಅದಾವಲ್ಲ? ಹೊಡ್ಕೋ ಹೋಗು.”

“ಇಲ್ರಿ. ನೀವು ಹೇಳ್ರಿ, ನಾ ಹೊಡೀತೀನಿ.”

“ಯಾಕ? ನನ್ನಕಿಂತ ಛಲೋ ಬರೀತಿ ನೀನು.”

“ನನ್ನ ಬಗ್ಗಿ ನಾನೇ ಹ್ಯಾಂಗ ಬರ್ಕೊಳ್ಲಿರಿ?”

ಈಗ ಅವರು ತಲೆ ಎತ್ತಿದರು. “ನಿನ್ನ ಸೊಕ್ಕು ಇನ್ನೂ ಇಳಿದಿಲ್ಲ. ಆತು, ಐತವಾರ ಮುಂಜಾನಿ ಬಾ. ಕೂತು ಹೇಳ್ತೀನಿ. ‘ಇಂವ ಭಾಳ ಸೊಕ್ಕಿನವ’ ಅಂತೇ ಶುರು ಮಾಡಾಣು.”

ಆ ಐತವಾರ ಬರುವ ಮುನ್ನ, ಒಂದು ಮುಂಜಾನೆ ಗಡ್ಡ ಮಾಡಿಕೊಳ್ಳುತ್ತಾ ಅವರು ಬಚ್ಚಲ ಬಾಗಿಲಲ್ಲಿ ಕುಸಿದರು. ನಾನು ಹೋಗುವಷ್ಟರಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಒಂದು ಕೆನ್ನೆಯ ಮೇಲೆ ಸೋಪು ಹಾಗೇ ಒಣಗಿತ್ತು. ಬಾಯಿಯವರು, ಎಂದರೆ ಸಾಹೇಬರ ಹೆಂಡತಿ, ಅದನ್ನು ಸೆರಗಿನಿಂದ ಒರೆಸುತ್ತಿದ್ದರು. ನನಗೆ ಅಳು ಬರಲಿಲ್ಲ. ಇವತ್ತು ಯಾವ ಯಾವ ಪೇಶಿ ಇದೆ ಎನ್ನುವುದು ನೆನಪಿಗೆ ಬಂತು. ಎದ್ದು ಕೋರ್ಟಿಗೆ ಹೋಗಿ ಶಿರಸ್ತೇದಾರರಿಗೆ ವಿಷಯ ಹೇಳಿದೆ. ಮಧ್ಯಾಹ್ನ ಕೋರ್ಟಿನಲ್ಲಿ ತೀರಿಹೋದ ಸಾಹೇಬರ ಗೌರವಕ್ಕೆ ಎಲ್ಲರೂ ಎದ್ದು ನಿಂತರು. ಮುನ್ಶಿಗಳು ಬಾಗಿಲ ಹೊರಗೆ ನಿಂತೆವು. ಆಮೇಲೆ ಎಲ್ಲ ಕೇಸುಗಳಿಗೂ ಬೇರೆ ತಾರೀಖು ಕೊಟ್ಟರು. ಒಂದೂ ಬಿಡದೆ ಬರೆದುಕೊಂಡೆ. ಕೈ ತನ್ನ ಪಾಡಿಗೆ ತಾನು ಬರೆಯುತ್ತಿತ್ತು.

ಮರುದಿನದಿಂದ ಆಫೀಸಿನ ಬಾಗಿಲು ತೆಗೆದು ಕುಳಿತೆ. ಪಾರ್ಟಿಗಳು ಬರುತ್ತಿದ್ದರು, ಚಪ್ಪಲಿ ಬಿಟ್ಟು ಖಾಲಿ ಕುರ್ಚಿಗೆ ಕೈ ಮುಗಿಯುತ್ತಿದ್ದರು. ಅವರವರ ಫೈಲು ತೆಗೆದು ಕೊಡುತ್ತಿದ್ದೆ. ಎಲ್ಲರಿಗೂ ಒಂದೇ ಮಾತು. ಸಾಹೇಬರ ವಕಾಲತ್ತು ಮುಗಿಯಿತು, ಬೇರೆಯವರನ್ನು ನೋಡಿಕೊಳ್ಳಿರಿ. ಹೇಳಿ ಹೇಳಿ ಆ ಮಾತಿಗೆ ರುಚಿ ಇಲ್ಲದಂತಾಯಿತು. ಮನೆಯಲ್ಲಿ ಹೆಂಡತಿ ಊಟ ಬಡಿಸಿ, “ಉಪ್ಪು ಸಾಕೇನ್ರಿ?” ಎಂದರೆ ತಿಳಿಯುತ್ತಿರಲಿಲ್ಲ.

ಕಾರ್ಡಿನ ಮುದ್ದತು ಹತ್ತಿರ ಬಂತು. ಇನ್ನೊಬ್ಬ ವಕೀಲರ ಮುನ್ಶಿ, ನನ್ನ ಹಳೆಯ ದೋಸ್ತ, ನನ್ನನ್ನು ಚಹದ ಅಂಗಡಿಗೆ ಕರೆದೊಯ್ದ.

“ಹಾಳಿ ಅದಾವ, ಸಹಿ ಅದ. ಮತ್ಯಾಕ ಹಿಂಗ ಕುಂತಿ?”

“ಸಾಹೇಬ್ರು ಇಲ್ಲಲ್ಲ.”

“ಅವ್ರೇ ಹೊಡ್ಕೋ ಅಂದಿದ್ರು ಅಂತ ನೀನೇ ಹೇಳ್ದಿ. ಅದ್ರಾಗ ಬರಿಯೋದು ಸುಳ್ಳೇನು? ಇಷ್ಟ ವರ್ಷ ನೀ ಅಲ್ಲಿ ದುಡಿದಿಲ್ಲ?”

“ದುಡಿದೀನಿ.”

“ಹಿಂದಿನ ತಾರೀಖು ಹಾಕು. ಯಾರ್ ಕೇಳ್ತಾರ? ಸಾಹೇಬ್ರು ಎದ್ದು ಬಂದು ಆಬ್ಜೆಕ್ಷನ್ ಹಾಕ್ತಾರೇನು?”

ನಗು ಬರಬೇಕಿತ್ತು. ಚಹ ಕುಡಿದೆ. ಆಫೀಸಿಗೆ ಬಂದು ಸಾಹೇಬರ ಸಹಿಯಿದ್ದ ಒಂದು ಹಾಳೆಯನ್ನು ಮಶೀನಿಗೆ ಏರಿಸಿದೆ. ಎಲ್ಲಿಂದ ಶುರು ಮಾಡಿದರೆ ಎಲ್ಲಿಗೆ ಮುಗಿಯುತ್ತದೆ ಎನ್ನುವುದು ಬೆರಳಿಗೇ ಗೊತ್ತಿತ್ತು.

ಅಷ್ಟರಲ್ಲಿ ಕೊಡಂಬಲದ ಕಡೆಯ ಕುರಿಗಾರ ಮುದುಕ ಬಂದ. ಅವನ ಕುರಿಗಳು ನೀರಿಗೆ ಹೋಗುವ ದಾರಿಗೆ ಪಕ್ಕದ ಹೊಲದವರು ಬೇಲಿ ಹಾಕಿದ್ದರು, ಅದರ ಕೇಸು ಹುಮನಾಬಾದಿನಲ್ಲಿತ್ತು. ಅವನ ಫೈಲು ತೆಗೆದಿಟ್ಟು, ಎಲ್ಲರಿಗೂ ಹೇಳಿದ್ದನ್ನೇ ಹೇಳಿದೆ.

ಅವನು ಫೈಲು ಬಿಚ್ಚಿ, ವಕಾಲತ್ತಿನ ಮೇಲಿನ ಸಹಿಯ ಮೇಲೆ ಬೆರಳಿಟ್ಟ. “ಇದು ಸಾಹೇಬ್ರ ಸಹಿ ಹೌದಲ್ರಿ?”

“ಹೌದು.”

“ಅಳಿಸಿಲ್ಲ, ಹರಿದಿಲ್ಲ. ಮತ್ಯಾಕ ನಡ್ಯಾಂಗಿಲ್ಲ?”

“ಸಹಿ ಮಾಡಿದವ್ರು ಇರಬೇಕಲ್ಲ ಯಜಮಾನ. ನಾಳಿ ಜಜ್ ಸಾಹೇಬ್ರು ಕೇಳಿದ್ರ, ಎದ್ದು ನಿಂತು ಹೌದು ನಂದೇ ಅನ್ಲಿಕ್ಕಿ ಮನಶಾ ಬೇಕು. ಅವ್ರು ಇಲ್ಲಂದ್ರ ಅದು ಬರೀ ಶಾಯಿ.”

ಅವನು ತಲೆಯಾಡಿಸಿ ಫೈಲು ಕಟ್ಟತೊಡಗಿದ. ನಾನು ಮಶೀನಿನ ಕಡೆ ನೋಡಿದೆ. ಹಾಳೆ ಅಲ್ಲೇ ಇತ್ತು. ರೋಲರಿನ ಬಿರಡೆ ತಿರುಗಿಸಿ ಹೊರಗೆ ತೆಗೆದೆ. ಡ್ರಾಯರಿನಲ್ಲಿದ್ದವನ್ನೂ ತೆಗೆದು, ಒಂದೊಂದರ ಮೇಲೂ ಅಡ್ಡ ಗೀಟು ಎಳೆದು ‘ರದ್ದು’ ಎಂದು ಬರೆದೆ. ಮುದುಕ ನಿಂತು ನೋಡುತ್ತಿದ್ದ. ಸಂಜೆ ಅವನ್ನು ಬಾಯಿಯವರಿಗೆ ಒಪ್ಪಿಸಿದೆ. ಅವರು ಎಣಿಸದೆ, ನೋಡದೆ, ಸಾಹೇಬರ ಕರಿ ಕೋಟಿನ ಮಡಿಕೆಯಲ್ಲಿ ಇಟ್ಟರು. ಆ ತಿಂಗಳು ಮುಗಿಯಿತು. ದೋಸ್ತ ಕಾರ್ಡನ್ನು ಕೊರಳಿಗೆ ಹಾಕಿಕೊಂಡು ಬಂದು ತೋರಿಸಿದ. ಚೆನ್ನಾಗಿದೆ ಎಂದೆ.

ಕೆಲವು ದಿನಗಳಲ್ಲಿ ಮುದುಕ ಮತ್ತೆ ಬಂದ. ಹುಮನಾಬಾದಿನಲ್ಲಿ ಒಬ್ಬ ವಕೀಲಮ್ಮನನ್ನು ಗೊತ್ತು ಮಾಡಿದ್ದಾನೆ, ಕೇಸಿನ ಹಿಂದು ಮುಂದು ತಿಳಿಸಲು ನಾನು ಬರಬೇಕಂತೆ. ಹೋದೆ. ವಕೀಲಮ್ಮ ವಯಸ್ಸಿನಲ್ಲಿ ನನಗಿಂತ ಸಣ್ಣವರು, ಮಾತು ಕಡಿಮೆ. ನಾನು ಹೇಳಿದ್ದನ್ನು ಪೂರ್ತಿ ಕೇಳಿ, “ಮುನ್ಶಿಯವ್ರು ಈಗ ಯಾರ ಕಡೆ ಇದ್ದಾರ?” ಎಂದು ಮುದುಕನನ್ನೇ ಕೇಳಿದರು.

“ನಿಮ್ಮ ಕಡೇರಿ,” ಎಂದ ಮುದುಕ. “ನಮ್ಮಲ್ಲಿ ಕುರಿ ಹಿಂಡು ಮಾರಿದ್ರ ನಾಯಿನೂ ಕೂಡೇ ಕೊಡ್ತೀವ್ರಿ. ಹಿಂಡಿನ ಗುರುತು ಅದಕ್ಕೇ ಇರ್ತದ. ನಾಯಿ ಬಿಟ್ಟು ಕುರಿ ಕೊಂಡವ ಉಳ್ದಾನೇನ್ರಿ?”

ವಕೀಲಮ್ಮ ನಗು ಮರೆಸಲು ಬಾಯಿಗೆ ಕೈ ಅಡ್ಡ ಹಿಡಿದರು. ಬೇರೆ ಕಾಲದಲ್ಲಾಗಿದ್ದರೆ ನಾನು ಎದ್ದು ಹೊರಟುಬಿಡುತ್ತಿದ್ದೆ. ಅವತ್ತು ಸಿಟ್ಟು ಬರಲಿಲ್ಲ.

“ಕಾರ್ಡ್ ಅದ ಏನ್ರಿ?”

“ಇಲ್ರಿ. ಏಳನೇ ತನಾ ಓದೀನಿ. ಪ್ರಮಾಣಪತ್ರ ಕೊಡೋರು ತೀರ್ಕೊಂಡ್ರು.”

“ಮತ್ತ ಕಿಟಕಿ ಹೊರಗ ನಿಲ್ಬೇಕಾಗ್ತದ. ನನ್ನ ಸಹಿ ಮ್ಯಾಲ ಕಾರ್ಡ್ ಬೇಕಂದ್ರ ವರ್ಷ ಮೊದ್ಲಿಂದ ಎಣಿಸ್ತಾರ.”

“ನಿಲ್ತೀನ್ರಿ.”

ಅವರು ಡ್ರಾಯರಿನಿಂದ ಹಸಿರು ಹಾಳೆಗಳನ್ನು ತೆಗೆದು, ಸರಸರ ಸಹಿ ಹಾಕಿ ನನ್ನ ಮುಂದೆ ತಳ್ಳಿದರು. “ಇಟ್ಕೋರಿ. ಕಲ್ಯಾಣಕ್ಕ ಹೋದಾಗ ಬೇಕಾಗ್ತಾವ.”

“ಇವು ಬ್ಯಾಡ್ರಿ ಮೇಡಂ. ಮೊದ್ಲು ಒಂದು ಪತ್ರ ಹೇಳ್ರಿ, ನಾ ಹೊಡೀತೀನಿ. ಆಮ್ಯಾಲ ಸಹಿ ಮಾಡ್ರಿ.”

“ಏನಂತ ಪತ್ರ?”

“ಇಂದಿನಿಂದ ಇಂವ ನನ್ನ ಕೈಕೆಳಗ ಕೆಲಸ ಮಾಡಾಕತ್ಯಾನ ಅಂತ.”

ವಕೀಲಮ್ಮ, ಸಹಿ ಮಾಡಿದ್ದ ಹಾಳೆಗಳನ್ನು ಹಿಂದಕ್ಕೆ ಎಳೆದುಕೊಂಡು, ಹೇಳಲು ಶುರು ಮಾಡಿದರು. ಎರಡೇ ಸಾಲು. ಹೊಡೆದು, ಹಾಳೆ ತೆಗೆದು ಕೊಟ್ಟೆ. ಅವರು ಓದಿ, ಕೊನೆಯ ಸಾಲಿನ ಕೆಳಗೆ ಸಹಿ ಮಾಡಿ, ಅವತ್ತಿನ ತಾರೀಖು ಹಾಕಿದರು. ಮುದುಕ ಬಗ್ಗಿ ನೋಡಿ, “ಶಾಯಿ ಇನ್ನಾ ಹಸಿ ಅದ, ಮಡಚಬ್ಯಾಡ್ರಿ” ಎಂದ. ಹಾಳೆಯನ್ನು ಕೈಯಲ್ಲೇ ಹಿಡಿದುಕೊಂಡು ಕೋರ್ಟಿಗೆ ಹೋಗಿ, ಕಿಟಕಿಯ ಹೊರಗಿನ ಸಾಲಿನಲ್ಲಿ ಕೊನೆಗೆ ನಿಂತೆ.